ಗಿಂಡಿ ದೀಪ ಹತ್ತಿದ ದಾರಿ

ಲಗ್ನಪತ್ರಿಕೆ ಹಂಚುವ ಕಷ್ಟ ಎಂಥದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಚೆಗೆ ಹಾಕಿದರೆ "ಬಂದು ಕರೆಯೋಕೆ ಕಾಲು ನೋವಾಗಿತ್ತೇನು?" ಅನ್ನುತ್ತಾರೆ. ಮೊಬೈಲಿನಲ್ಲಿ ಕಳಿಸಿದರಂತೂ ಮುಗಿದೇ ಹೋಯಿತು, ಮೂರು ತಲೆಮಾರಿನ ತನಕ ಆಡಿಕೊಳ್ಳುತ್ತಾರೆ. ಮೂಲೆಗೆ ಅರಿಸಿನ ಹಚ್ಚಿ, ಕೈಗೆ ಕೊಟ್ಟು, ಬೇಡ ಬೇಡ ಎನ್ನುತ್ತಲೇ ಒಂದು ಲೋಟ ಕಾಫಿ ಕುಡಿದು ಎದ್ದರೆ ಮಾತ್ರ ಕರೆದ ಲೆಕ್ಕ.

ಕಳೆದ ಫೆಬ್ರವರಿಯಲ್ಲಿ ನಮ್ಮ ಮೈದುನನ ಮಗಳ ಮದುವೆಗೆ ಪಟ್ಟಿ ಹಾಕಿದಾಗ ಮೂರು ಊರು ನಮ್ಮ ಪಾಲಿಗೆ ಬಂದವು. ಹೊನ್ನಾಳಿಯಲ್ಲಿ ಯಜಮಾನರ ಸೋದರಮಾವನ ಮನೆ, ನ್ಯಾಮತಿಯಲ್ಲಿ ನಾದಿನಿ, ಜಗಳೂರು ನನ್ನ ತವರು. ಮೊದಲ ದಿನ ಹೊನ್ನಾಳಿ, ನ್ಯಾಮತಿ. ರಾತ್ರಿ ನಾದಿನಿಯ ಮನೆಯಲ್ಲಿ ಉಳಿದು, ಮಾರನೆಯ ದಿನ ದಾವಣಗೆರೆಯ ಮೇಲೆ ಜಗಳೂರು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡೆ.

ನಾವಿರುವುದು ಚನ್ನಗಿರಿಯಲ್ಲಿ. ಬೆಳಿಗ್ಗೆ ಬಾಗಿಲು ಸಾರಿಸುವಾಗ ತಲೆ ಎತ್ತಿದರೆ ಕೋಟೆ ಗುಡ್ಡ, ಅದರ ಮೇಲೆ ರಂಗನಾಥಸ್ವಾಮಿ. ಕೆಳಗೆ ಎತ್ತ ನೋಡಿದರೂ ಅಡಿಕೆ. ಸುಗ್ಗಿಯಲ್ಲಿ ಊರಿಗೆ ಬಂದವರು ಮೊದಲು ಮೂಗಿನಿಂದಲೇ ನಮ್ಮೂರನ್ನು ಗುರುತಿಸುತ್ತಾರೆ. ಬೇಯಿಸಿದ ಅಡಿಕೆಯ ಚೊಗರು ವಾಸನೆ ಸೀರೆಗೂ ಅಂಟಿಕೊಂಡು ಬಿಡುತ್ತದೆ. ನೆಂಟರು ಬಂದರೆ ಸಂತೇಬೆನ್ನೂರಿನ ಪುಷ್ಕರಣಿ, ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆ ತೋರಿಸಿಕೊಂಡು ಬರುವುದು ವಾಡಿಕೆ. ನಮಗೂ ಒಂದೂವರೆ ಎಕರೆ ತೋಟವಿದೆ. ಅದರಲ್ಲಿ ಧಾರಣೆ ಚೆನ್ನಾಗಿದ್ದ ಒಂದು ವರ್ಷ ಯಜಮಾನರು ಹಳೆಯ ಮಾರುತಿ 800 ಒಂದನ್ನು ಕೊಂಡರು. ಈ ಕಾರು 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗೆ ಬಂದು 2014ರಲ್ಲಿ ತಯಾರಿಕೆ ನಿಂತಿದ್ದರೂ, ನಮ್ಮ ಕಡೆ ತೋಟದ ಮನೆಗಳ ಮುಂದೆ ಇನ್ನೂ ಧಾರಾಳವಾಗಿ ಕಾಣುತ್ತದೆ. ಬಾಳೆಗೊನೆಯಿಂದ ಬಾಣಂತಿಯ ತನಕ ಎಲ್ಲವನ್ನೂ ಹೊತ್ತಿದೆ.

ನಾನು ಕಾರು ಓಡಿಸುವುದಿಲ್ಲ. ಆದರೆ ಪಕ್ಕದಲ್ಲಿ ಕುಳಿತಾಗ ಒಂದು ವಿಷಯ ತಪ್ಪದೆ ನೋಡುತ್ತೇನೆ. ಕೀ ತಿರುಗಿಸಿದ ಕೂಡಲೇ ಮುಂದಿನ ಫಲಕದಲ್ಲಿ ಕೆಲವು ದೀಪ ಹತ್ತುತ್ತವಲ್ಲ, ಅದರಲ್ಲಿ ಕೆಂಪು ಬಣ್ಣದ್ದೊಂದು, ಮೂತಿಯಿಂದ ಹನಿ ತೊಟ್ಟಿಕ್ಕುತ್ತಿರುವ ಗಿಂಡಿಯ ಚಿತ್ರದ್ದು. ನನ್ನ ಮಕ್ಕಳು ಅದನ್ನು ಗಿಂಡಿ ದೀಪ ಎಂದೇ ಕರೆಯುವುದು. ಎಂಜಿನ್ ಶುರುವಾದ ಎರಡು ಮೂರು ಸೆಕೆಂಡಿಗೆ ಅದು ಆರಬೇಕು. ನಾನು ಅದು ಹತ್ತುವುದನ್ನೂ ನೋಡುತ್ತೇನೆ, ಆರುವುದನ್ನೂ ನೋಡುತ್ತೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಆ ದಿನ ಬೆಳಿಗ್ಗೆ ಅದು ಹತ್ತಲೇ ಇಲ್ಲ.

"ರೀ, ಗಿಂಡಿ ಹತ್ತಲಿಲ್ಲ" ಅಂದೆ.

"ಹತ್ತಿದ್ರೆ ಕೆಟ್ಟದ್ದು ಅಂತೀಯಾ, ಹತ್ತದಿದ್ರೂ ಕೆಟ್ಟದ್ದು ಅಂತೀಯಾ. ಹತ್ತದೇ ಇದ್ರೆ ಒಳ್ಳೇದಲ್ಲೇನೇ?" ಎಂದು ನಕ್ಕು ಗೇರು ಹಾಕಿದರು. ಒಳ್ಳೆಯ ಕೆಲಸಕ್ಕೆ ಹೊರಟಾಗ ಜಗಳ ಬೇಡವೆಂದು ನಾನೂ ಸುಮ್ಮನಾದೆ.

ಹೊನ್ನಾಳಿಗೆ ಹೋಗುವಾಗ ನನಗೆ ಇಷ್ಟವಾಗುವುದು ತುಂಗಭದ್ರೆಯ ಸೇತುವೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆ, ಭದ್ರೆ ಕೂಡಿದ ಮೇಲೆ ಹೊಳೆ ಇಲ್ಲಿಗೆ ಬರುತ್ತದೆ. ಫೆಬ್ರವರಿಯಲ್ಲಿ ನೀರು ಕಡಿಮೆ, ಬಂಡೆಗಳು ಎದ್ದು ಕಾಣುತ್ತವೆ, ಅವುಗಳ ಮೇಲೆ ಬಟ್ಟೆ ಒಣಗಿರುತ್ತವೆ. ರಾಯರ ಮಠಕ್ಕೆ ಕೈಮುಗಿದು ಮಾವನ ಮನೆಗೆ ಹೋದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಮಾವನ ಮೊಮ್ಮಗ ಐ.ಟಿ.ಐ. ಓದುತ್ತಿದ್ದಾನೆ. ಅವನ ಕಿವಿಗೆ ವಿಷಯ ಹಾಕಿದೆ. "ನೋಡೇಬಿಡಾಣ ಅತ್ತೆ" ಎಂದು ಬಾನೆಟ್ ಎತ್ತಿಯೇಬಿಟ್ಟ.

ಇಲ್ಲಿ ಸ್ವಲ್ಪ ನಿಂತು, ಒಳಗೆ ಏನಿದೆ ಎಂಬುದನ್ನು ನಮ್ಮ ಮನೆಯ ಭಾಷೆಯಲ್ಲಿ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ನೆಲದೊಳಗೆ ಸಂಪು, ಅದರಿಂದ ನೀರೆತ್ತುವ ಮೋಟರು ಇರುತ್ತದಲ್ಲ, ಎಂಜಿನ್ನಿನಲ್ಲೂ ಹಾಗೆಯೇ. ತಳದ ತೊಟ್ಟಿಯಲ್ಲಿ ಎಣ್ಣೆ. ನಮ್ಮ ಕಾರಿಗೆ ಮೂರು ಲೀಟರಿನ ಆಸುಪಾಸು. ಒಂದು ಪಂಪು ಅದನ್ನು ಜಾಲರಿಯ ಮೂಲಕ ಹೀರಿ ಸಣ್ಣ ಸಣ್ಣ ದಾರಿಗಳಲ್ಲಿ ಮೇಲಕ್ಕೆ ತಳ್ಳುತ್ತದೆ. ಎಣ್ಣೆ ಹೋಗಿ ಕೂತಲ್ಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ತಾಗದೆ ಜಾರುತ್ತದೆ. ಸಂಪಿನಲ್ಲಿ ನೀರಿದ್ದೂ ನಲ್ಲಿಗೆ ಬರದ ದಿನ ನೀವು ಕಂಡಿಲ್ಲವೇ? ಹಾಗೆಯೇ ಎಣ್ಣೆ ಇದ್ದೂ ಒತ್ತಡ ಇಲ್ಲದಿರಬಹುದು. ಗಿಂಡಿ ದೀಪ ಹೇಳುವುದು ಒತ್ತಡದ ಮಾತನ್ನು, ಅಳತೆಯ ಮಾತನ್ನಲ್ಲ.

ಆ ಎಣ್ಣೆಯ ದಾರಿಗೆ ಒಂದು ಕಡೆ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚನ್ನು ತಿರುಪಿ ಕೂರಿಸಿರುತ್ತಾರೆ. ಬ್ಯಾಟರಿಯಿಂದ ಹೊರಟ ಕರೆಂಟು ಕೀ, ಫ್ಯೂಸು, ದೀಪ ಇಷ್ಟನ್ನೂ ದಾಟಿ ಒಂದೇ ಒಂದು ತಂತಿಯಲ್ಲಿ ಈ ಸ್ವಿಚ್ಚಿಗೆ ಬರುತ್ತದೆ. ಸ್ವಿಚ್ಚು ಅದನ್ನು ಎಂಜಿನ್ನಿನ ಮೈಗೆ ಮುಟ್ಟಿಸಿದರೆ ದೀಪ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಎಂಜಿನ್ ನಿಂತಾಗ ಒಳಗಿನ ಸ್ಪ್ರಿಂಗು ಮುಟ್ಟಿಸಿಯೇ ಇಟ್ಟಿರುತ್ತದೆ. ಎಂಜಿನ್ ಓಡಿ ಎಣ್ಣೆ ಒತ್ತಿದಾಗ ಒಳಗಿನ ತೆಳು ಪೊರೆ ಸರಿದು ಬಿಡಿಸುತ್ತದೆ. ಅಷ್ಟೇ ಅದರ ಬಾಳು.

ಕೀ ತಿರುಗಿಸಿದಾಗ ದೀಪ ಹತ್ತದಿದ್ದರೆ ಎಲ್ಲೋ ಸುತ್ತು ತುಂಡಾಗಿದೆ ಎಂದು ಅರ್ಥ. ಎಣ್ಣೆ ನಿಂತರೂ ನಮಗೆ ಹೇಳುವವರಿಲ್ಲ. ಹುಡುಗ ಎಂಜಿನ್ ನಿಲ್ಲಿಸಿ, ಕೀ ಮಾತ್ರ ತಿರುಗಿಸಿ ಇರಿಸಿ, ಸ್ವಿಚ್ಚಿನ ತಲೆಯಿಂದ ತಂತಿ ಎಳೆದು, ಅದರ ತುದಿಯನ್ನು ಎಂಜಿನ್ನಿನ ಬರೀ ಲೋಹಕ್ಕೆ ಮುಟ್ಟಿಸಿದ. ಒಳಗೆ ಕೂತಿದ್ದ ನಾನು "ಹತ್ತಿತು!" ಎಂದು ಕೂಗಿದೆ. ಅಂದರೆ ಬಲ್ಬು, ಫ್ಯೂಸು, ತಂತಿ ಎಲ್ಲ ಸರಿ. ಉಳಿದದ್ದು ಸ್ವಿಚ್ಚು ಅಥವಾ ಅದಕ್ಕೆ ತಂತಿ ಕೂರುವ ಜಾಗ. ಅಲ್ಲಿ ಎಣ್ಣೆ, ಧೂಳು ಸೇರಿ ಹಪ್ಪಳಗಟ್ಟಿತ್ತು. ಮರಳು ಕಾಗದದಿಂದ ಉಜ್ಜಿ ಮತ್ತೆ ಸಿಕ್ಕಿಸಿದ. ಕೀ ತಿರುಗಿಸಿದರೆ ದೀಪ ಹತ್ತಿತು, ಎಂಜಿನ್ ಶುರುವಾದರೆ ಆರಿತು. ಮಾವನಿಗೂ ಸಂತೋಷ, ಮೊಮ್ಮಗನಿಗೆ ಇನ್ನೊಂದು ತಟ್ಟೆ ಬಜ್ಜಿ.

ಸೋದರಿಯರೇ, ಇಲ್ಲಿ ತಪ್ಪು ನನ್ನದು. ದೀಪ ಹತ್ತಿತಲ್ಲ ಎಂಬ ಖುಷಿಯಲ್ಲಿ, ಆ ಜಾಗ ಎಣ್ಣೆಯಿಂದ ಒದ್ದೆಯಾಗಿದ್ದು ಯಾಕೆ ಎಂದು ಕೇಳುವುದನ್ನೇ ಮರೆತೆ. ಅಡುಗೆಮನೆಯ ಗೂಡಿನಲ್ಲಿ ಜಿಡ್ಡು ಕಂಡರೆ ಯಾವ ಡಬ್ಬಿ ಸೋರುತ್ತಿದೆ ಎಂದು ಎಲ್ಲವನ್ನೂ ಎತ್ತಿ ನೋಡುವವಳು ನಾನು. ಅವತ್ತು ಸೀರೆ ನೆರಿಗೆ ಸರಿಮಾಡಿಕೊಂಡು ಕಾರು ಹತ್ತಿಬಿಟ್ಟೆ.

ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಆ ದಾರಿಯಲ್ಲಿ ಅವತ್ತು ಕೊರಳಿಗೆ ಮಾಲೆ ಹಾಕಿದ ಜನ ಗುಂಪುಗುಂಪಾಗಿ ನಡೆಯುತ್ತಿದ್ದರು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ, ಫೆಬ್ರವರಿ 15ರ ಜಯಂತಿಗೆ ದೂರದೂರದಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರನ್ನು ನೋಡುತ್ತಾ ಕೂತಿದ್ದೆ. ಒಂದು ತಿರುವಿನಲ್ಲಿ ಕಣ್ಣಂಚಿಗೆ ಕೆಂಪು ಮಿಣುಕಿದಂತಾಯಿತು. ಮುಂದಿನ ತಿರುವಿನಲ್ಲಿ ಮತ್ತೆ. ಆಮೇಲೆ ನೆಟ್ಟಗಿನ ದಾರಿಯಲ್ಲೇ ಹತ್ತಿ ನಿಂತಿತು.

"ನಿಲ್ಸ್ರಿ."

"ಇನ್ನು ನಾಕೈದು ಕಿಲೋಮೀಟರು ಕಣೇ. ಆ ಹುಡುಗ ಏನೋ ಕೆಡಿಸಿದಾನೆ, ಊರಿಗೆ ಹೋಗಿ ನೋಡಿದ್ರಾತು."

"ನಿಲ್ಸ್ರಿ ಅಂದೆ!"

ನನ್ನ ದನಿಗೆ ಅವರೇ ಹೆದರಿದರೋ ಏನೋ, ಹುಣಿಸೆಮರದ ಕೆಳಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ಕೆಳಗಿಳಿದು ಬಾನೆಟ್ ಎತ್ತಿ, ಬೆಳಿಗ್ಗೆ ಹುಡುಗ ಮಾಡಿದ್ದನ್ನು ನೋಡಿದ್ದರಲ್ಲ, ಕೀ ತಿರುಗಿಸಿಟ್ಟು ಸ್ವಿಚ್ಚಿನ ತಂತಿ ಕಿತ್ತರು. ದೀಪ ಆರಿತು. ಮುಖ ಅರಳಿಸಿಕೊಂಡು, "ನೋಡು, ತಂತಿ ತೆಗೆದ್ರೆ ಆರ್ತದೆ. ಸ್ವಿಚ್ಚೇ ಕೆಟ್ಟಿರೋದು, ಎಂಜಿನ್‌ಗೇನಾಗಿಲ್ಲ" ಅಂದರು.

ಈ ಮಾತನ್ನು ನಾನು ಮೊದಲೂ ಕೇಳಿದ್ದೆ, ಅಕ್ಷರಕ್ಕೆ ಅಕ್ಷರ ಹೀಗೇ.

1996. ನಾನು ಜಗಳೂರಿನಲ್ಲಿ ಎಸ್.ಎಸ್.ಎಲ್.ಸಿ. ಪಾಸಾಗಿದ್ದೆ. ಅಪ್ಪನ ಹತ್ತಿರ ಒಂದು ಮೆಟಡೋರ್ ಇತ್ತು, ಸಾಲದ್ದು. ಶೇಂಗಾ, ಈರುಳ್ಳಿ ತುಂಬಿಕೊಂಡು ದಾವಣಗೆರೆ ಮಾರುಕಟ್ಟೆಗೆ ಹೋಗಿ ಬರುತ್ತಿದ್ದರು. ಒಂದು ದಿನ ಅದರಲ್ಲಿ ಎಣ್ಣೆಯ ದೀಪ ಹತ್ತಿ ಆರದೇ ಉಳಿಯಿತು. ಅಪ್ಪ ಒಂದು ಗ್ಯಾರೇಜಿಗೆ ಬಿಟ್ಟರು. ಮೇಸ್ತ್ರಿ ಓಡುವ ಎಂಜಿನ್ನಿನಿಂದ ತಂತಿ ಕಿತ್ತು, ದೀಪ ಆರಿದ್ದನ್ನು ತೋರಿಸಿ, "ಸ್ವಿಚ್ಚೇ ಕೆಟ್ಟಿರೋದು, ಎಂಜಿನ್‌ಗೇನಾಗಿಲ್ಲ" ಎಂದ. ಹೊಸ ಸ್ವಿಚ್ಚು ಅಂಗಡಿಯಲ್ಲಿ ಇರಲಿಲ್ಲ, ತಂತಿಯನ್ನು ಟೇಪು ಸುತ್ತಿ ಮಡಿಸಿಟ್ಟು ಕಳಿಸಿದ. ದೀಪ ಮತ್ತೆ ಹತ್ತಲಿಲ್ಲ. ಹೇಗೆ ಹತ್ತೀತು? ತಿಂಗಳೊಪ್ಪತ್ತಿನಲ್ಲಿ ಈರುಳ್ಳಿ ಹೇರಿಕೊಂಡು ಹೋಗುವಾಗ ಎಂಜಿನ್ ಹಿಡಿದು ನಿಂತಿತು. ಬಿಚ್ಚಿ ನೋಡಿದರೆ ಪಂಪಿನ ಜಾಲರಿ ಕೆಸರು ಕಟ್ಟಿ, ಒಳಗಿನ ಬೇರಿಂಗುಗಳು ಸುಟ್ಟು ಕಪ್ಪಾಗಿದ್ದವು. ಅಪ್ಪ ಗಾಡಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟು ಸಾಲ ಹರಿದುಕೊಂಡರು. ಪಿ.ಯು.ಸಿ.ಗೆ ತಂದಿಟ್ಟಿದ್ದ ಅರ್ಜಿ ಫಾರಂ ಬಹಳ ವರ್ಷ ನನ್ನ ಟ್ರಂಕಿನ ತಳದಲ್ಲಿತ್ತು. ಕೊನೆಗೆ ಅದರಲ್ಲಿ ಏನನ್ನು ಕಟ್ಟಿಕೊಟ್ಟೆನೋ ನೆನಪಿಲ್ಲ.

ಯಜಮಾನರಿಗೆ ಇದು ಗೊತ್ತಿರುವ ಕಥೆಯೇ. ಆದರೆ ಆ ಮೇಸ್ತ್ರಿಯ ಮಾತು ಹೀಗಿತ್ತೆಂದು ಗೊತ್ತಿರಲಿಲ್ಲ. ಹೇಳಿದೆ. ಅವರು ತಂತಿ ಹಿಡಿದುಕೊಂಡೇ ನಿಂತರು.

ತಂತಿ ತೆಗೆದಾಗ ದೀಪ ಆರಿದರೆ ತಿಳಿಯುವುದು ಒಂದೇ: ತಂತಿಯು ನಡುವೆ ಎಲ್ಲೂ ಸವೆದು ಕಾರಿನ ಮೈಗೆ ತಾಗುತ್ತಿಲ್ಲ ಅಂತ. ತಂತಿ ಗಾಳಿಯಲ್ಲಿದ್ದೂ ದೀಪ ಉರಿಯುತ್ತಿದ್ದರೆ ಮಾತ್ರ ತಂತಿಯ ದೋಷ. ಆರಿದರೆ, ಸ್ವಿಚ್ಚು ಕೆಟ್ಟಿರಬಹುದು, ನಿಜವಾಗಿಯೂ ಒತ್ತಡ ಹೋಗಿರಲೂಬಹುದು. ಎರಡಕ್ಕೂ ದೀಪ ಒಂದೇ ಥರ ಆರುತ್ತದೆ. ಇಷ್ಟನ್ನು ಆಗ ನಮ್ಮ ಅಪ್ಪನಿಗೆ ಯಾರೂ ಹೇಳಲಿಲ್ಲ.

"ಕಡ್ಡಿ ನೋಡ್ರಿ" ಅಂದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಐದು ಹತ್ತು ನಿಮಿಷ ಬಿಟ್ಟು ಅಳತೆ ಕಡ್ಡಿ ಎಳೆಯಬೇಕು. ಹಳೆಯ ಲಂಗದ ಚೂರಿನಿಂದ ಒರೆಸಿ ಮತ್ತೆ ಅದ್ದಿ ತೆಗೆದರು. ಎರಡು ಗುರುತುಗಳಲ್ಲಿ ಕೆಳಗಿನದಕ್ಕೂ ಎಣ್ಣೆ ತಾಗಿರಲಿಲ್ಲ. ತುದಿಯಲ್ಲಿ ಒಂದು ಹನಿ, ಅಷ್ಟೇ. ಯಜಮಾನರ ಮುಖ ನೋಡಬೇಕಿತ್ತು. ತಿರುವಿನಲ್ಲಿ ದೀಪ ಮಿಣುಕಿದ್ದು ಅದಕ್ಕೇ. ಎಣ್ಣೆ ಕಡಿಮೆಯಾದಾಗ ತಿರುವಿನಲ್ಲಿ ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಕ್ಕುತ್ತದೆ, ತಳ ಕಂಡ ಪಾತ್ರೆಯನ್ನು ವಾಲಿಸಿದಾಗ ಸೌಟಿಗೆ ಸಿಗದ ಹಾಗೆ.

ನಾದಿನಿಯ ಗಂಡನಿಗೆ ಫೋನು ಮಾಡಿದೆವು. ಅವರು ಬರುವ ತನಕ ಮುಕ್ಕಾಲು ಗಂಟೆ ಹುಣಿಸೆಮರದ ನೆರಳಲ್ಲಿ ಕೂತೆವು. ಮಾಲೆಧಾರಿ ಹೆಂಗಸರು ನಾಲ್ಕು ಜನ ಬಂದು, "ಏನಾತಕ್ಕಾ, ಗಾಡಿ ಕೆಡ್ತಾ?" ಎಂದು ಕೇಳಿ, ನೀರು ಬೇಕೇನೆಂದು ತಾವೇ ತಂಬಿಗೆ ಚಾಚಿದರು. ಮೊಸರನ್ನ ಹಂಚಿಕೊಂಡೆವು. ಅವರಲ್ಲೊಬ್ಬಾಕೆ ಹರಪನಹಳ್ಳಿ ಕಡೆಯಿಂದ ನಡೆದೇ ಬಂದಿದ್ದಳು. ನಮ್ಮ ನಾಲ್ಕೈದು ಕಿಲೋಮೀಟರಿನ ಕಷ್ಟ ಅವಳೆದುರು ಹೇಳಿಕೊಳ್ಳಲು ನಾಚಿಕೆಯಾಯಿತು.

ಎರಡು ಲೀಟರು ಎಣ್ಣೆ ಬಂತು. ಒಂದೇ ಸಲ ಸುರಿಯದೆ, ಸ್ವಲ್ಪ ಸ್ವಲ್ಪ ಹಾಕಿ ಕಡ್ಡಿ ನೋಡುತ್ತಾ ಮೇಲಿನ ಗುರುತಿಗೆ ತುಸು ಕೆಳಗೇ ನಿಲ್ಲಿಸಿದರು. ಮೇಲಿನ ಗುರುತು ದಾಟಿದರೆ ಅದೂ ತೊಂದರೆಯೇ. ಆಕ್ಸಿಲರೇಟರ್ ಒತ್ತದೆ ಎಂಜಿನ್ ಶುರು ಮಾಡಿದರು. ಎಲ್ಲರೂ ಉಸಿರು ಬಿಗಿಹಿಡಿದೆವು. ದೀಪ ಆರಿತು. ಕಟಕಟ ಎನ್ನುವ ಸದ್ದೂ ಇರಲಿಲ್ಲ. ದೀಪ ಆರದಿದ್ದರೆ, ಇಲ್ಲವೇ ಸದ್ದು ಬಂದಿದ್ದರೆ, ಹಗ್ಗ ಕಟ್ಟಿ ಎಳೆಸಲೇಬೇಕೆಂದು ನಾನು ಮೊದಲೇ ಹಟ ಹಿಡಿದಿದ್ದೆ.

ನ್ಯಾಮತಿಯ ಮೆಕ್ಯಾನಿಕ್ ಇನ್ನೂ ಮೂವತ್ತು ದಾಟದ ಹುಡುಗ. ಅವನು ಮೊದಲು ಮಾಡಿದ ಕೆಲಸ ನೋಡಿಯೇ ನನಗೆ ಸಮಾಧಾನವಾಯಿತು: ಸ್ವಿಚ್ಚಿನ ಸುತ್ತ ಒರೆಸಿ ಒಣಗಿಸಿ, ಎಂಜಿನ್ ಓಡಿಸಿ, ಕೈದೀಪ ಬಿಟ್ಟು ನೋಡಿದ. ಸ್ವಿಚ್ಚಿನ ನೆತ್ತಿಯಿಂದಲೇ, ತಂತಿ ಕೂರುವ ಪ್ಲಾಸ್ಟಿಕ್ಕಿನ ಸಂದಿಯಿಂದ, ಎಣ್ಣೆ ಜಿನುಗುತ್ತಿತ್ತು. ಒಳಗಿನ ಪೊರೆ ಹರಿದಿದೆ ಎಂದ. ಎಷ್ಟು ತಿಂಗಳಿಂದಲೋ ಹನಿಹನಿಯಾಗಿ ಹೋಗಿ, ಅದೇ ಎಣ್ಣೆ ತಂತಿಯ ತುದಿಗೆ ಹಪ್ಪಳಗಟ್ಟಿ, ದೀಪದ ಬಾಯನ್ನೂ ಮುಚ್ಚಿತ್ತು. ಕಳ್ಳನೂ ಅವನೇ, ಕಾವಲುಗಾರನೂ ಅವನೇ!

ಹೊಸ ಸ್ವಿಚ್ಚು ಹಾಕುವ ಮೊದಲು "ಗೇಜು ಹಾಕಿ ನೋಡ್ತೀಯೇನಪ್ಪಾ?" ಎಂದು ಕೇಳಿದೆ. ಅವನು ನನ್ನನ್ನು ಒಂದು ಸಲ ನೋಡಿ, "ಹಾಕೇ ಹಾಕ್ತೀನಿ ಅಕ್ಕಾ, ಅದನ್ ಹಾಕ್ದೆ ಹೆಂಗ್ ಹೇಳ್ಲಿ?" ಅಂದ. ಸ್ವಿಚ್ಚು ಬಿಚ್ಚಿದ ತೂತಿಗೆ ಕೊಳವೆ ತಿರುಪಿ, ಅದರ ತುದಿಗೆ ಗಡಿಯಾರದಂಥ ಗೇಜು ಕಟ್ಟಿ, ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಕಾದ. ಎಣ್ಣೆ ತಣ್ಣಗಿರುವಾಗ ಗಟ್ಟಿ ಇರುತ್ತದೆ, ಒತ್ತಡ ಜಾಸ್ತಿ ತೋರಿಸುತ್ತದೆ. ಬಿಸಿಯಾದ ಮೇಲಿನದೇ ನಿಜವಂತೆ. ನಿಧಾನ ಓಟದಲ್ಲಿ ಮುಳ್ಳು ಒಂದು ಕಿಲೋ ಮೇಲಿತ್ತು, ಆಕ್ಸಿಲರೇಟರ್ ಕೊಟ್ಟಾಗ ಮೂರು ದಾಟಿತು. ಕಿಲೋ ಎಂದರೆ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತು. ದೀಪದ ಸ್ವಿಚ್ಚಾದರೋ ಅರ್ಧ ಕಿಲೋಗಿಂತ ಕಡಿಮೆಗೇ ಬಿಟ್ಟುಕೊಡುತ್ತದೆ. ಆದ್ದರಿಂದ ದೀಪ ಆರಿರುವಾಗಲೂ ಒತ್ತಡ ಸಾಲದೇ ಇರಬಹುದು ಎಂದು ಅವನೇ ಹೇಳಿದ. ಗೇಜಿನಲ್ಲಿ ಕಡಿಮೆ ಬಂದಿದ್ದರೆ ಜಾಲರಿ, ಪಂಪು, ಬೇರಿಂಗು ನೋಡಬೇಕಿತ್ತು.

ಹೊಸ ಸ್ವಿಚ್ಚನ್ನು ಅವನು ಹದವಾಗಿ ಬಿಗಿದ. ಅದರ ಮರೆ ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ, ಬಲವಂತ ಮಾಡಿದರೆ ಎಂಜಿನ್ನಿನ ಮೈಯೇ ಬಿರಿಯಬಹುದಂತೆ. ಸ್ವಿಚ್ಚು, ಕೂಲಿ ಎಲ್ಲ ಸೇರಿ ನಾನೂರೈವತ್ತು ರೂಪಾಯಿ. ನಿಮ್ಮ ಮನೆಯಲ್ಲಿ ಹೊಸ ಕಾರಿದ್ದರೆ ಮಾತ್ರ ತಂತಿ ಮುಟ್ಟಿಸುವ ಈ ಆಟ ಮಾಡಿಸಬೇಡಿ. ಈಗಿನ ಬಹಳ ಕಾರುಗಳಲ್ಲಿ ನಡುವೆ ಕಂಪ್ಯೂಟರ್ ಇರುತ್ತದೆ. ಎಂಜಿನ್ ನಿಲ್ಲಿಸುವುದು, ಕಡ್ಡಿ ನೋಡುವುದು ಮಾತ್ರ ಹಳತಕ್ಕೂ ಹೊಸತಕ್ಕೂ ಒಂದೇ.

ರಾತ್ರಿ ನಾದಿನಿ ಬಿಸಿ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಎಣ್ಣೆಗಾಯಿ ಎಂದು ಕೇಳಿ ಯಜಮಾನರು "ಎಣ್ಣೆ ಸುದ್ದಿ ಬ್ಯಾಡ ತಾಯೀ" ಎಂದು ಕೈ ಮುಗಿದರು. ಬೆಳಿಗ್ಗೆ ಹೊರಡುವ ಮೊದಲು ತೀರ್ಥರಾಮೇಶ್ವರಕ್ಕೆ ಹೋಗಿ ಬಂದೆವು. ಬೆಟ್ಟದ ಒಳಗಿಂದ ಬೇಸಗೆಯಲ್ಲೂ ನಿಲ್ಲದೆ ನೀರು ಬರುವ ಜಾಗ. ನನ್ನಂಥ ಜಗಳೂರಿನವಳಿಗೆ ಅಲ್ಲಿ ಎಷ್ಟು ಹೊತ್ತು ನಿಂತರೂ ಸಾಕೆನಿಸುವುದಿಲ್ಲ.

ಜಗಳೂರಿನ ದಾರಿಯಲ್ಲಿ ಹಸಿರು ಮೆಲ್ಲಗೆ ಹಿಂದುಳಿಯುತ್ತದೆ. ಅಡಿಕೆ ಹೋಗಿ ಮೆಕ್ಕೆಜೋಳದ ಕೂಳೆ, ಕರೀಜಾಲಿ, ಕಲ್ಲು ಗುಡ್ಡ ಬರುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಚಿತ್ರದುರ್ಗವನ್ನು ಬಿಟ್ಟು, ಚನ್ನಗಿರಿ ಶಿವಮೊಗ್ಗವನ್ನು ಬಿಟ್ಟು ಇದಕ್ಕೆ ಸೇರಿದವು. ನನ್ನ ತವರಿಗೂ ಗಂಡನ ಮನೆಗೂ ಮದುವೆಗೆ ಮೊದಲೇ ಸರ್ಕಾರ ನಂಟು ಬೆಸೆದಿತ್ತು ಎಂದು ನಾವು ನಗುವುದುಂಟು. ಇದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ನಾಲ್ಕು ಕೊಂಬಿನ ಕೊಂಡುಕುರಿಗಳ ನೆಲೆ. 2011ರಲ್ಲಿ ಅದನ್ನು ಅಭಯಾರಣ್ಯ ಮಾಡಿದ್ದಾರೆ. ನಾನು ಹುಟ್ಟಿ ಬೆಳೆದರೂ ಒಂದನ್ನೂ ಕಂಡವಳಲ್ಲ. ನಾನು ಕಂಡದ್ದು ಕೊಳವೆಬಾವಿಯ ಮುಂದೆ ಕೊಡಗಳ ಸಾಲನ್ನು. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯ ಮಾತು ಈಗ ಅಲ್ಲಿ ಪ್ರತಿ ಕಟ್ಟೆಯಲ್ಲೂ ಇದೆ. ಹೊನ್ನಾಳಿಯಲ್ಲಿ ನೋಡಿ ಬಂದ ಹೊಳೆಯೇ ನಮ್ಮೂರ ಕಡೆ ಬರುತ್ತದೆಂದರೆ ನನಗೆ ಒಳಗೊಳಗೇ ಹಿಗ್ಗು.

ಅಪ್ಪನಿಗೆ ಈಗ ಎಪ್ಪತ್ತೆಂಟು. ಜಗಲಿಯ ಮೇಲೆ ಕೂತಿದ್ದರು. ಪತ್ರಿಕೆ ಕೊಟ್ಟು ಕಾಲಿಗೆ ಬಿದ್ದೆವು. ಕಾಫಿಯಾದ ಮೇಲೆ ಯಜಮಾನರೇ, ನನ್ನ ಕಡೆ ನೋಡದೆ, ನಿನ್ನೆಯ ಕಥೆಯನ್ನು ಮೊದಲಿಂದ ಹೇಳಿದರು. ತಂತಿ ಕಿತ್ತಿದ್ದನ್ನೂ ತಾವು ಆಡಿದ ಮಾತನ್ನೂ ಬಿಡಲಿಲ್ಲ. ಅಪ್ಪ ಒಂದೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಕೋಲು ಊರಿ ಎದ್ದು ಹೊರಗೆ ನಡೆದರು. ಕಾರಿನ ಬಾಗಿಲು ತೆಗೆಸಿ, ಕಷ್ಟಪಟ್ಟು ಸೀಟಿನಲ್ಲಿ ಕೂತು, "ಕೀ ಕೊಡ್ರಿ ಅಳಿಯಂದಿರೇ" ಅಂದರು.

ತಿರುಗಿಸಿದರು. ಗಿಂಡಿ ಕೆಂಪಗೆ ಹತ್ತಿತು. ಎಂಜಿನ್ ಶುರು ಮಾಡಿದರು. ಆರಿತು. ನಿಲ್ಲಿಸಿ, ಇನ್ನೊಂದು ಸಲ ಮಾಡಿದರು.

"ಗೇಜು ಹಾಕಿ ನೋಡಿದ್ನಾ ಹುಡುಗ?" ಎಂದು ಕೇಳಿದರು.

"ಹೂಂ ಅಪ್ಪಾ, ಬಿಸಿ ಮಾಡೇ ನೋಡ್ದ. ಮೂರು ದಾಟ್ತು."

"ಹಂಗಾರೆ ಸರಿ" ಎಂದು ಕೀಯನ್ನು ಅಳಿಯನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು, ಮದುವೆಗೆ ಎಷ್ಟು ದಿನ ಮೊದಲೇ ಬರಬೇಕೆಂದು ಕೇಳಿದರು.